ನಮ್ಮ ಬೀದಿಯ ಮ್ಯಾನ್‌ಹೋಲ್‌ಗಳಿಗೆ ಸೆನ್ಸರ್ ಕೂರಿಸಿದ ಕಥೆ

ಮ್ಯಾನ್‌ಹೋಲ್ ಮುಚ್ಚಳ ಎತ್ತುವ ಅಧಿಕಾರ ಬೀದಿಯವರಿಗಿಲ್ಲ. ಮಳೆ ಬಂದಾಗ ಎಲ್ಲರೂ ಎತ್ತುತ್ತಾರೆ, ಆ ಮಾತು ಬೇರೆ. ಅದಕ್ಕೆ ಮುಂದೆ ಬರುತ್ತೇನೆ. ಆದರೆ ಅದರೊಳಗೆ ನೀರಿನ ಮಟ್ಟ ಅಳೆಯುವ ಒಂದು ಉಪಕರಣ ತೂಗುಹಾಕಿ ತಿಂಗಳುಗಟ್ಟಲೆ ಬಿಡಬೇಕು ಅಂದರೆ ಕಾಗದ ಬೇಕು. ಕ್ಷೇಮಾಭಿವೃದ್ಧಿ ಸಂಘದ ಲೆಟರ್‌ಹೆಡ್ಡಿನಲ್ಲಿ ಅರ್ಜಿ ಬರೆದುಕೊಂಡು ಜಲಮಂಡಳಿಯ ಉಪವಿಭಾಗದ ಕಚೇರಿಗೆ ಹೋದೆ. ಅಲ್ಲಿದ್ದ ಸಹಾಯಕ ಎಂಜಿನಿಯರ್ ಮೇಡಂ ಅರ್ಜಿಯನ್ನು ಪೂರ್ತಿ ಓದುವ ಮೊದಲೇ ಕೇಳಿದರು: "ಇದನ್ನ ಕಟ್ಟೋಕೆ ಯಾರಾದ್ರೂ ಒಳಗೆ ಇಳೀಬೇಕಾ?" ಇಲ್ಲ ಅಂದೆ. "ಬ್ಯಾಟರಿ ಬದಲಿಸೋಕೆ?" ಅದಕ್ಕೂ ಇಲ್ಲ. "ಹಾಗಂತ ಬರೆದು ಕೊಡಿ. ನಮ್ಮ ಮೇಸ್ತ್ರಿ ಇದ್ದಾಗ ಮಾತ್ರ ಮುಚ್ಚಳ ತೆಗೀಬೇಕು."

ಬರೆದು ಕೊಟ್ಟೆ. ಆ ಒಂದು ಸಾಲಿನಿಂದಾಗಿಯೇ ನಮ್ಮ ಉಪಕರಣದ ಅರ್ಧ ವಿನ್ಯಾಸ ತಾನಾಗಿ ತೀರ್ಮಾನವಾಗಿಬಿಟ್ಟಿತು.

ಕಾರ್ಖಾನೆಗಳ ಟ್ಯಾಂಕುಗಳಿಗೆ ಮಟ್ಟ ಅಳೆಯುವ ಉಪಕರಣ ಕೂರಿಸುವುದು ನನ್ನ ಹೊಟ್ಟೆಪಾಡಿನ ಕೆಲಸ. ಕಬ್ಬಿನ ಹಾಲು, ಫರ್ನೇಸ್ ಆಯಿಲ್, ಆಸಿಡ್ ಎಲ್ಲ ಅಳೆದಿದ್ದೇನೆ. ಮನೆ ಮುಂದಿನ ಹೊಲಸು ನೀರನ್ನು ಅಳೆಯುವ ಯೋಚನೆ ಬಂದದ್ದು ಸಂಘದ ಸಭೆಯೊಂದರಲ್ಲಿ. ನಮ್ಮದು ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಗೆ ಇಳಿಯುವ ಹಳೆಯ ಬಡಾವಣೆ. ಬೆಂಗಳೂರು ದಿಣ್ಣೆಯ ಮೇಲೆ ಕೂತ ಊರಾದ್ದರಿಂದ ಇಲ್ಲಿ ಬಿದ್ದ ನೀರು ವೃಷಭಾವತಿ, ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ ಎಂಬ ಮೂರು ದೊಡ್ಡ ಕಣಿವೆಗಳಲ್ಲಿ ಇಳಿಯುತ್ತದೆ. ವೃಷಭಾವತಿಯದು ಅರ್ಕಾವತಿ ಸೇರಿ ಕಾವೇರಿಗೆ, ಉಳಿದೆರಡರದು ದಕ್ಷಿಣ ಪಿನಾಕಿನಿಗೆ. ಒಳಚರಂಡಿಯೂ ಬಹುಪಾಲು ಇದೇ ಇಳಿಜಾರನ್ನು ನಂಬಿದೆ. ದೊಡ್ಡ ಕೊಳವೆಗಳನ್ನು ಮಳೆನೀರು ಹರಿಯುವ ರಾಜಕಾಲುವೆಗಳ ಮಗ್ಗುಲಲ್ಲೇ ಹಾಸಿರುವುದರಿಂದ, ಅವು ಎಲ್ಲಿ ಉಕ್ಕಿದರೂ ಹೊಲಸು ನೀರಿಗೆ ಕಾಲುವೆ ಹತ್ತಿರ, ಕಾಲುವೆಗೆ ಕೆರೆ ಹತ್ತಿರ. ನಮ್ಮ ಕಡೆಯ ಕೆರೆ ಬೆಳ್ಳಂದೂರು. ಅದರ ನೊರೆಯನ್ನೂ 2017 ಮತ್ತು 2018ರಲ್ಲಿ ಅಲ್ಲಿ ಹೊತ್ತಿಕೊಂಡ ಬೆಂಕಿಯನ್ನೂ ಟಿವಿಯಲ್ಲಿ ನೋಡದವರಿಲ್ಲ.

ನಮ್ಮ ತಗ್ಗಿನ ಕ್ರಾಸಿನಲ್ಲಿ ವರ್ಷಕ್ಕೆ ಹಲವು ಸಲ ಯುಜಿಡಿ, ಅಂದರೆ ಒಳಚರಂಡಿ, ಉಕ್ಕುತ್ತಿತ್ತು. ನೆಲಮಹಡಿಯ ಮನೆಗಳಲ್ಲಿ ಬಚ್ಚಲಿನ ಜಾಲರಿಯಿಂದ ನೀರು ಹಿಮ್ಮೆಟ್ಟಿ ಬರುವುದು, ದೂರು ಕೊಡುವುದು, ಒತ್ತಡದ ನೀರು ಬಿಟ್ಟು ಕೊಳವೆ ತೊಳೆಯುವ ಜೆಟ್ಟಿಂಗ್ ಗಾಡಿ ಬರುವುದು, ಒಂದಷ್ಟು ದಿನ ಸರಿಯಿದ್ದು ಮತ್ತೆ ಅದೇ. ಗಾಡಿ ಬರುವುದು ತಡವಾದ ದಿನ ಯಾರಾದರೂ ಒಬ್ಬರು "ಹೊರಗಿನಿಂದ ಒಬ್ಬ ಹುಡುಗನ್ನ ಕರೆಸಿ ಇಳಿಸಿಬಿಡೋಣ, ಐನೂರು ಕೊಟ್ಟರೆ ಆಯ್ತು" ಅನ್ನುವವರೂ ಇದ್ದರು. ಕೈಯಿಂದ ಮಲ ಬಾಚುವುದನ್ನೂ, ಹೀಗೆ ಅಪಾಯದ ಒಳಚರಂಡಿ ಕೆಲಸಕ್ಕೆ ಮನುಷ್ಯರನ್ನು ಇಳಿಸುವುದನ್ನೂ 2013ರ ಕಾಯ್ದೆ ನಿಷೇಧಿಸಿದೆ. ಸತ್ತವರ ಕುಟುಂಬಕ್ಕೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ 30 ಲಕ್ಷಕ್ಕೆ ಏರಿಸಿತು. 2025ರ ಜನವರಿಯಲ್ಲಿ ಬೆಂಗಳೂರೂ ಸೇರಿ ಆರು ಮಹಾನಗರಗಳಲ್ಲಿ ಈ ಪದ್ಧತಿ ನಿಲ್ಲಬೇಕೆಂದು ಮತ್ತೆ ಆದೇಶ ಮಾಡಿತು. ಆದರೂ ಬಚ್ಚಲಿನಲ್ಲಿ ಹೊಲಸು ಉಕ್ಕುತ್ತಿರುವಾಗ ಕಾಯ್ದೆಯ ಮಾತು ಯಾರ ಕಿವಿಗೂ ಬೀಳುವುದಿಲ್ಲ. ಮನುಷ್ಯನನ್ನು ಇಳಿಸುವ ಮಾತು ಬರುವುದೇ ಈ ಆತುರದಲ್ಲಿ. ಆತುರವೇ ಬರದಂತೆ ಮಾಡಲು ಆಗುತ್ತದಾ ಎಂಬುದು ನನ್ನ ತಲೆಯಲ್ಲಿದ್ದ ಪ್ರಶ್ನೆ. ತಂತ್ರಜ್ಞಾನದ ಮೋಹವೂ ಇತ್ತು, ಇಲ್ಲ ಅನ್ನುವುದಿಲ್ಲ.

ಮೊದಲು ಬೇಕಾದದ್ದು ನಕ್ಷೆ. ಯಾವ ಗುಂಡಿಯಿಂದ ಯಾವ ಗುಂಡಿಗೆ ನೀರು ಹೋಗುತ್ತದೆ, ಕೊಳವೆ ಎಷ್ಟು ಅಗಲ, ಎಷ್ಟು ಆಳದಲ್ಲಿದೆ. ಕಚೇರಿಯಲ್ಲಿ ಸಿಕ್ಕ ಹಳೆಯ ನಕ್ಷೆಗೂ ನೆಲಕ್ಕೂ ಎಲ್ಲೆಲ್ಲಿ ಹೊಂದುವುದಿಲ್ಲ ಎಂಬುದು ಮೇಸ್ತ್ರಿಗೆ ಬಾಯಿಪಾಠ. ಐವತ್ತು ದಾಟಿದ ಮನುಷ್ಯ. ಕನ್ನಡ, ತೆಲುಗು ಎರಡನ್ನೂ ಒಂದೇ ವಾಕ್ಯದಲ್ಲಿ ಆಡುತ್ತಾರೆ. ಡಾಂಬರಿನ ಕೆಳಗೆ ಮುಚ್ಚಿಹೋಗಿದ್ದ ಎರಡು ಮುಚ್ಚಳಗಳನ್ನು ಹಾರೆಯಿಂದ ರಸ್ತೆ ಬಡಿದು, ಸದ್ದು ಕೇಳಿಯೇ ತೋರಿಸಿದರು. ಮುಚ್ಚಳ ತೆರೆದು ಒಂದು ಬಕೆಟ್ ನೀರು ಹುಯ್ದು, ಅದು ಎತ್ತ ಹೋಯಿತು ಅಂತ ಮುಂದಿನ ಗುಂಡಿಯಲ್ಲಿ ಟಾರ್ಚ್ ಬಿಟ್ಟು ನೋಡುತ್ತ ಇಡೀ ಬಡಾವಣೆಯ ನಕ್ಷೆ ತಿದ್ದಿದೆವು. ಈ ಕೆಲಸ ಬೇಸರದ್ದು, ಆದರೆ ಇದಿಲ್ಲದೆ ಸೆನ್ಸರ್ ಹಾಕುವುದು ವ್ಯರ್ಥ.

ಯಾವ ಸೆನ್ಸರ್ ಎಂಬುದು ಮುಂದಿನ ಪ್ರಶ್ನೆ. ನೀರಿನೊಳಗೆ ಮುಳುಗಿಸಿ ಒತ್ತಡದಿಂದ ಮಟ್ಟ ತಿಳಿಯುವ ಉಪಕರಣ ಕಾರ್ಖಾನೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಇಲ್ಲಿ ಕೂದಲು, ಬಟ್ಟೆ, ಪ್ಯಾಡು ಸುತ್ತಿಕೊಂಡು ಉಪಕರಣವೇ ಒಂದು ಅಡ್ಡಿಯಾಗಿ ನಿಲ್ಲುತ್ತದೆ. ಉಕ್ಕುವುದನ್ನು ತಡೆಯಲು ಹಾಕಿದ್ದೇ ಉಕ್ಕಿಸಿದ ಹಾಗಾಗುತ್ತದೆ. ರೇಡಾರ್ ಚೆನ್ನ, ನೊರೆ, ಆವಿ, ಸೆಕೆ ಯಾವುದಕ್ಕೂ ಅಷ್ಟು ಜಗ್ಗುವುದಿಲ್ಲ, ಆದರೆ ಬೆಲೆ ನಮ್ಮ ಸಂಘದ ಕೈಗೆ ಮೀರಿದ್ದು. ಉಳಿದದ್ದು ಅಲ್ಟ್ರಾಸಾನಿಕ್: ಮೇಲಿನಿಂದ ಶಬ್ದ ಬಿಟ್ಟು, ನೀರಿಗೆ ಬಡಿದು ಮರಳಲು ಹಿಡಿದ ಹೊತ್ತಿನಿಂದ ದೂರ ಲೆಕ್ಕ ಹಾಕುವುದು. ಗಾಳಿಯಲ್ಲಿ ಶಬ್ದದ ವೇಗ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್, ಪ್ರತಿ ಡಿಗ್ರಿಗೆ 0.6 ಮೀಟರಿನಷ್ಟು ಹೆಚ್ಚುತ್ತದೆ. 2 ಮೀಟರ್ ದೂರ ಅಳೆಯುವಾಗ 10 ಡಿಗ್ರಿ ವ್ಯತ್ಯಾಸಕ್ಕೆ ಮೂರೂವರೆ ಸೆಂಟಿಮೀಟರ್ ಏರುಪೇರು. ಒಂದು ಪುಟ್ಟ ಉಷ್ಣತಾ ಸೆನ್ಸರ್ ಜತೆಗಿಟ್ಟರೆ ಅದನ್ನು ಸರಿದೂಗಿಸಬಹುದು.

ಅಲ್ಟ್ರಾಸಾನಿಕ್‌ಗೆ ಇನ್ನೊಂದು ಕೊರತೆ ಇದೆ. ನಾವು ತಂದ ಅಗ್ಗದ ಮಾದರಿಗೆ ತನ್ನ ಮುಖದಿಂದ 20-25 ಸೆಂಟಿಮೀಟರಿಗಿಂತ ಹತ್ತಿರ ಇರುವುದು ಕಾಣುವುದಿಲ್ಲ. ಅಂದರೆ ನೀರು ಮುಚ್ಚಳದ ಹತ್ತಿರ ಬಂದು ಇನ್ನೇನು ಉಕ್ಕಬೇಕು ಅನ್ನುವಾಗಲೇ ಅದು ಕುರುಡು. ಅದಕ್ಕೆ ಮನೆಯ ಸಂಪಿನ ಮೋಟರಿಗೆ ಹಾಕುತ್ತೇವಲ್ಲ, ಅಂಥದೇ ಒಂದು ಫ್ಲೋಟ್ ಸ್ವಿಚ್ಚನ್ನು ಮೇಲ್ಭಾಗದಲ್ಲಿ ಕಟ್ಟಿದೆವು. ಫ್ಲೋಟ್ ಎದ್ದರೆ ಮಿಕ್ಕ ಲೆಕ್ಕವೆಲ್ಲ ಬದಿಗೆ, ನೇರ ಕೆಂಪು ಎಚ್ಚರಿಕೆ. ಇಡೀ ವ್ಯವಸ್ಥೆಯಲ್ಲಿ ತಾನಾಗಿ ಒಂದು ಸಲವೂ ಕೈಕೊಡದ ಭಾಗ ಯಾವುದು ಅಂದರೆ ಇದೇ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಗುಂಡು.

ಒಳಗಿನ ಗಾಳಿಯ ವಿಷಯ ಬೇರೆಯೇ. ಮ್ಯಾನ್‌ಹೋಲಿನಲ್ಲಿ ಮೀಥೇನ್ ಇರಬಹುದು. ಗಾಳಿಯಲ್ಲಿ ಅದು ಶೇಕಡ 5ರಿಂದ 15ರ ನಡುವೆ ಇದ್ದರೆ ಹೊತ್ತಿಕೊಳ್ಳಲು ಒಂದು ಕಿಡಿ ಸಾಕು. ಹಾಗಾಗಿ ಬ್ಯಾಟರಿ, ಬೋರ್ಡು ಎಲ್ಲವನ್ನೂ ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟಿನಲ್ಲಿ ಮುಳುಗಿಸಿ ಕಟ್ಟಿದ ಡಬ್ಬಿ, ಕಿಡಿ ಹಾರುವ ರಿಲೇ ಸ್ವಿಚ್ಚು ಒಂದೂ ಇಲ್ಲ, ವಿದ್ಯುತ್ತು ಕನಿಷ್ಠ. ಕಾರ್ಖಾನೆಯ ಸ್ಫೋಟಕ ವಲಯದ ನಿಯಮಗಳು ನನಗೆ ಅಭ್ಯಾಸ, ಇಲ್ಲಿ ಅದೇ ಶಿಸ್ತು ಇಟ್ಟುಕೊಂಡೆ. ಇನ್ನು ಹೈಡ್ರೋಜನ್ ಸಲ್ಫೈಡ್. ಕೊಳೆತ ಮೊಟ್ಟೆಯ ವಾಸನೆ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಪ್ರಮಾಣ 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗಕ್ಕೆ ನೂರು ಭಾಗ) ಮುಟ್ಟುವಷ್ಟರಲ್ಲಿ ಮೂಗು ಸತ್ತು ವಾಸನೆ ತಿಳಿಯುವುದೇ ನಿಂತುಹೋಗುತ್ತದೆ. ಇಳಿದವರಿಗೆ ಗೊತ್ತಾಗದೆ ಪ್ರಾಣ ಹೋಗುವುದು ಹೀಗೆ. ಇದೇ ಅನಿಲ ತೇವದ ಗೋಡೆಯ ಮೇಲೆ ಬ್ಯಾಕ್ಟೀರಿಯಾಗಳ ಕೈಯಲ್ಲಿ ಗಂಧಕಾಮ್ಲವಾಗಿ ಕಾಂಕ್ರೀಟನ್ನು ತಿನ್ನುತ್ತದೆ. ನಮ್ಮ ಮೊದಲ ಮಾದರಿಯಲ್ಲಿ ಹೊರಗೆ ಉಳಿದಿದ್ದ ಒಂದಿಷ್ಟು ತಾಮ್ರದ ತಂತಿ ಕೆಲವೇ ವಾರದಲ್ಲಿ ಕಪ್ಪಾಗಿ ಪುಡಿಯಾಯಿತು.

ಕೂರಿಸುವ ದಿನ ಮೇಸ್ತ್ರಿ ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ಇಷ್ಟೇನಾ ಮೇಡಂ? ಕೊಡಿ, ಎರಡೇ ನಿಮಿಷ, ಇಳಿದು ಕಬ್ಬಿಣದ ಮೆಟ್ಲಿಗೆ ಕಟ್ಬಿಟ್ ಬರ್ತೀನಿ."

"ಇಳಿಯೋ ಹಾಗಿಲ್ಲಣ್ಣ. ಬರೆದು ಕೊಟ್ಟಿದೀನಿ."

"ಸಾವಿರ ಸಲ ಇಳಿದಿದೀನಿ."

"ಅದಕ್ಕೇ ಬೇಡ ಅಂತಿರೋದು."

ಅವರು ನಕ್ಕರು, ಆದರೆ ಆಮೇಲೆ ಯಾವತ್ತೂ ಆ ಮಾತು ಎತ್ತಲಿಲ್ಲ. ಕಟ್ಟಿದ್ದು ಹೀಗೆ: ಸ್ಟೇನ್‌ಲೆಸ್ ಸ್ಟೀಲಿನ ಒಂದು ಅಡ್ಡ ಸರಳು, ತಿರುಪು ತಿರುಗಿಸಿದರೆ ಉದ್ದವಾಗಿ ಎರಡೂ ಬದಿಯ ಗೋಡೆಗೆ ಒತ್ತಿ ನಿಲ್ಲುತ್ತದೆ. ಡಬ್ಬಿ ಅದರಿಂದ ತೂಗುತ್ತದೆ. ಎಲ್ಲವನ್ನೂ ರಸ್ತೆಯ ಮೇಲೆ ಮಂಡಿಯೂರಿ, ಕೈಯಷ್ಟೇ ಒಳಗೆ ಬಿಟ್ಟು ಮಾಡುವ ಹಾಗೆ. ಕಬ್ಬಿಣದ ಮೆಟ್ಟಿಲುಗಳಿಗೆ ಬಡಿದು ಸುಳ್ಳು ಪ್ರತಿಧ್ವನಿ ಬರುತ್ತಿದ್ದರಿಂದ ಸೆನ್ಸರನ್ನು ಎದುರು ಗೋಡೆಯ ಕಡೆಗೆ ಸರಿಸಬೇಕಾಯಿತು. ಜಿರಲೆಗಳ ಕಾಟ ಮಾತ್ರ ನಾನು ಓದಿದ ಯಾವ ಕೈಪಿಡಿಯಲ್ಲೂ ಇರಲಿಲ್ಲ. ಸೆನ್ಸರಿನ ಮುಖದ ಮೇಲೆ ಒಂದು ಜಿರಲೆ ಕೂತರೆ ಅಳತೆ ಹುಚ್ಚಾಪಟ್ಟೆ. ಸತತ ಹಲವು ಓದುಗಳನ್ನು ತೆಗೆದು ನಡುವಿನದನ್ನು ಮಾತ್ರ ನಂಬುವಂತೆ ಪ್ರೋಗ್ರಾಂ ಬದಲಿಸಿದ ಮೇಲೆ ಆ ಕಾಟ ಬಹುಮಟ್ಟಿಗೆ ನಿಂತಿತು.

ಸಿಗ್ನಲ್ ಇನ್ನೊಂದು ತಲೆನೋವು. ಎರಕದ ಕಬ್ಬಿಣದ ಮುಚ್ಚಳದ ಕೆಳಗೆ ಮೊಬೈಲ್ ಸತ್ತಂತೆ. ನಾವು ಆರಿಸಿಕೊಂಡದ್ದು ಲೋರಾ ಎಂಬ ರೇಡಿಯೊ ವಿಧಾನ: ಭಾರತದಲ್ಲಿ 865ರಿಂದ 868 ಮೆಗಾಹರ್ಟ್ಸ್ ತರಂಗಗಳನ್ನು ಪರವಾನಗಿ ಇಲ್ಲದೆ ಬಳಸಬಹುದು, ವಿದ್ಯುತ್ತು ಕಡಿಮೆ ಸಾಕು, ದೂರ ಹೋಗುತ್ತದೆ. ಆಂಟೆನಾ ತಂತಿಯನ್ನು ರಸ್ತೆಯಂಚಿಗೆ ಸಣ್ಣ ಸೀಳು ಕೊರೆದು, ಪಿವಿಸಿ ಪೈಪಿನಲ್ಲಿ ಪಕ್ಕದ ಕಾಂಪೌಂಡಿನವರೆಗೆ ಒಯ್ದೆವು. ನಮ್ಮ ಮನೆ ತಾರಸಿಯ ನೀರಿನ ಟ್ಯಾಂಕಿನ ಮೇಲೆ ಗೇಟ್‌ವೇ, ಅಂದರೆ ಡಬ್ಬಿಗಳ ಸಂದೇಶ ಹಿಡಿದು ಇಂಟರ್ನೆಟ್ಟಿಗೆ ದಾಟಿಸುವ ಪೆಟ್ಟಿಗೆ. ಹದಿನೈದು ನಿಮಿಷಕ್ಕೊಮ್ಮೆ ಡಬ್ಬಿ ಎದ್ದು, ಅಳೆದು, ಕಳಿಸಿ, ಮತ್ತೆ ಮಲಗುತ್ತದೆ. ನೀರು ಏರುತ್ತಿದೆ ಅನ್ನಿಸಿದರೆ ಎರಡು ನಿಮಿಷಕ್ಕೊಮ್ಮೆ. ಒಟ್ಟು ಆರು ಗುಂಡಿಗಳಿಗೆ ಹಾಕಿದೆವು: ತಗ್ಗಿನ ಕ್ರಾಸಿನಲ್ಲಿ ಎರಡು, ಮುಖ್ಯರಸ್ತೆಯಲ್ಲಿ ದರ್ಶಿನಿ ಹೋಟೆಲಿಗಿಂತ ಮೇಲೆ ಒಂದು, ಕೆಳಗೆ ಒಂದು, ಬಡಾವಣೆಯ ಮೇಲ್ತುದಿಗೆ ಒಂದು, ರಾಜಕಾಲುವೆ ಪಕ್ಕದ ದೊಡ್ಡ ಕೊಳವೆ ಸೇರುವ ಕಡೆ ಒಂದು.

ಹಾಕಿದ್ದು ಬೇಸಿಗೆಯಲ್ಲಿ. ಮಳೆ ಬರುವವರೆಗೆ ನೋಡಲು ಏನೂ ಇರುವುದಿಲ್ಲ ಅಂದುಕೊಂಡವರೇ ಹೆಚ್ಚು. ನನಗೆ ಹೆಚ್ಚು ಕಲಿಸಿದ್ದು ಆ ಒಣ ತಿಂಗಳುಗಳೇ. ಬೆಳಿಗ್ಗೆ ಏಳರಿಂದ ಹತ್ತರವರೆಗೆ ಒಂದು ದೊಡ್ಡ ಏರು, ರಾತ್ರಿ ಎಂಟರ ಹೊತ್ತಿಗೆ ಒಂದು ಸಣ್ಣ ಏರು, ನಸುಕಿನ ಮೂರಕ್ಕೆ ತಳ. ಭಾನುವಾರ ಬೆಳಗಿನ ಏರು ಎರಡು ಗಂಟೆ ತಡ. ಕಾವೇರಿ ನೀರು ಬಿಡುವ ದಿನ ಗ್ರಾಫಿನ ಗೆರೆ ದಪ್ಪಗೆ, ಬಿಡದ ದಿನ ಸೊರಗಿದಂತೆ. ಯಾವ ದಿನ ಬಟ್ಟೆ ಒಗೆಯುತ್ತೇವೆ ಎಂಬುದು ನೆಲದಡಿಯಲ್ಲಿ ದಾಖಲಾಗುತ್ತಿತ್ತು. ಆಮೇಲೆ ದೀಪಾವಳಿ ಬಂತು. ನೀರು ತುಂಬುವ ಹಬ್ಬದ ಮಾರನೆಯ ದಿನ, ನರಕ ಚತುರ್ದಶಿಯ ಬೆಳಿಗ್ಗೆ, ಇನ್ನೂ ಸೂರ್ಯ ಹುಟ್ಟಿರಲಿಲ್ಲ, ಆರೂ ಗುಂಡಿಗಳಲ್ಲಿ ನೀರು ಏರಿತು. ಬಡಾವಣೆಯೇ ಎದ್ದು ಎಣ್ಣೆಸ್ನಾನ ಮಾಡುತ್ತಿದೆ ಅಂತ ಗೆರೆ ಹೇಳುತ್ತಿತ್ತು. ಅದರ ಚಿತ್ರ ಸಂಘದ ವಾಟ್ಸಾಪ್ ಗುಂಪಿಗೆ ಹಾಕಿದೆ. ಅಲ್ಲಿಯವರೆಗೆ ಈ ಕೆಲಸದ ಬಗ್ಗೆ ಒಂದು ಮಾತೂ ಆಡದಿದ್ದವರೆಲ್ಲ ಅವತ್ತು ಆಡಿದರು.

ಕೇಂದ್ರ ಸರ್ಕಾರದ ಒಳಚರಂಡಿ ಕೈಪಿಡಿಯ ಲೆಕ್ಕ ಹೀಗಿದೆ: ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು, ಅದರಲ್ಲಿ ಶೇಕಡ 80 ಚರಂಡಿಗೆ ಬರುತ್ತದೆ. ಇಪ್ಪತ್ತು ಸಾವಿರದೊಳಗಿನ ಜನಸಂಖ್ಯೆಗೆ ಸರಾಸರಿಯ ಮೂರು ಪಟ್ಟು ಹರಿವನ್ನು ಗರಿಷ್ಠ ಅಂತ ಹಿಡಿಯಬೇಕು, ಆಗಲೂ ಕೊಳವೆ ಶೇಕಡ 80ಕ್ಕಿಂತ ಹೆಚ್ಚು ತುಂಬಬಾರದು. ಮೇಲಿನ ಖಾಲಿ ಜಾಗ ಗಾಳಿಯಾಡಲು. ನಾವು ಹಳದಿ ಎಚ್ಚರಿಕೆಯನ್ನು ಈ 80ಕ್ಕೆ ಇಟ್ಟೆವು. ಕೊಳವೆ ಪೂರ್ತಿ ತುಂಬಿ, ಗುಂಡಿಯೊಳಗೆ ಕೊಳವೆಯ ನೆತ್ತಿಗಿಂತ ಒಂದೂವರೆ ಅಡಿ ಮೇಲೆ ನೀರು ನಿಂತರೆ ಕೆಂಪು.

ಮೊದಮೊದಲು ಎಚ್ಚರಿಕೆಗಳ ಸುರಿಮಳೆ. ಬೆಳಗಿನ ಏರಿಗೆಲ್ಲ ಹಳದಿ ಬಡಿಯುತ್ತಿತ್ತು. ಒಂದು ವಾರ ಹೀಗೆ ಬಡಿದರೆ ಯಾರೂ ಫೋನು ನೋಡುವುದಿಲ್ಲ, ಆಮೇಲೆ ನಿಜವಾದದ್ದು ಬಂದರೂ ನೋಡುವುದಿಲ್ಲ. ಗಂಟೆಗೊಂದು ಮಿತಿ ಇಟ್ಟೆ: ಬೆಳಿಗ್ಗೆ ಎಂಟಕ್ಕೆ ಸಹಜವಾದದ್ದು ನಡುರಾತ್ರಿ ಎರಡಕ್ಕೆ ಅಸಹಜ. ಮೇಸ್ತ್ರಿಯ ಫೋನಿಗೆ ಹೋಗುವ ಸಂದೇಶವನ್ನೂ ಬದಲಿಸಬೇಕಾಯಿತು. "ಶೇಕಡ 84" ಅಂತ ಬಂದರೆ ಅವರಿಗೆ ಏನು ಪ್ರಯೋಜನ? "ಇದು ಮುಚ್ಚಳದಿಂದ ಎಷ್ಟು ಕೆಳಗಿದೆ ಹೇಳಿ ಸಾಕು" ಅಂದರು. ಈಗ ಹೋಗುವ ಸಂದೇಶ: "ದರ್ಶಿನಿ ಕೆಳಗಿನ ಗುಂಡಿ, ಮುಚ್ಚಳಕ್ಕೆ ಮೂರಡಿ ಇದೆ, ಗಂಟೆಗೆ ಅರ್ಧ ಅಡಿ ಏರ್ತಿದೆ." ಅಂದರೆ ಆರು ಗಂಟೆ ಹೊತ್ತಿದೆ ಅಂತ ಅವರೇ ಲೆಕ್ಕ ಹಾಕಿಕೊಂಡು ಗಾಡಿಗೆ ಫೋನು ಮಾಡುತ್ತಾರೆ.

ಆದರೆ ಗಂಟೆಗಳ ಲೆಕ್ಕಕ್ಕಿಂತ ನನಗೆ ಮುಖ್ಯ ಅನ್ನಿಸಿದ್ದು ದಿನಗಳ ಲೆಕ್ಕ. ದರ್ಶಿನಿಯ ಎರಡು ಬದಿಯ ಗುಂಡಿಗಳನ್ನು ಜೋಡಿಯಾಗಿ ನೋಡುತ್ತಿದ್ದೆ. ನಡುವಿನ ಕೊಳವೆ ಚೊಕ್ಕಟವಾಗಿದ್ದರೆ ಎರಡೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತವೆ. ಒಮ್ಮೆ ನಸುಕಿನ ತಳಮಟ್ಟ ಮೇಲಿನ ಗುಂಡಿಯಲ್ಲಿ ದಿನಕ್ಕೆ ಕೂದಲೆಳೆಯಷ್ಟು ಏರತೊಡಗಿತು, ಕೆಳಗಿನದರಲ್ಲಿ ಬೆಳಗಿನ ಏರು ಚಪ್ಪಟೆಯಾಯಿತು. ಮಳೆಯಿಲ್ಲ, ಉಕ್ಕಿಲ್ಲ, ದೂರಿಲ್ಲ, ರಸ್ತೆಯ ಮೇಲೆ ನಿಂತವರಿಗೆ ಏನೂ ಕಾಣದು. ನಡುವೆ ಏನೋ ಕಟ್ಟುತ್ತಿದೆ. ಇದೇ ಎರಡೂ ಗುಂಡಿ ಒಟ್ಟಿಗೆ ಏರಿದ್ದರೆ ಅಡ್ಡಿ ಇನ್ನೂ ಕೆಳಗೆ, ರಾಜಕಾಲುವೆಯ ಕಡೆ ಇದೆ ಅಂತ ಅರ್ಥ. ಅದನ್ನೂ ಆಮೇಲೊಮ್ಮೆ ನೋಡಿದೆವು, ಅಲ್ಲಿನ ದೊಡ್ಡ ಗುಂಡಿಯೊಂದರ ಮುಚ್ಚಳವೇ ಇಲ್ಲದೆ ಕಟ್ಟಡದ ಕಸ ಒಳಗೆ ಬಿದ್ದಿತ್ತು.

ದರ್ಶಿನಿಯ ವಿಷಯವನ್ನು ಮೇಸ್ತ್ರಿಗೆ ಹೇಳಿದೆ. ಆತುರವಿರಲಿಲ್ಲವಾದ್ದರಿಂದ ಗಾಡಿ ಬೇರೆಡೆಯ ಕೆಲಸ ಮುಗಿಸಿ, ರಸ್ತೆಯ ಕಾರುಗಳನ್ನೆಲ್ಲ ತೆಗೆಸಿ, ಮಧ್ಯಾಹ್ನ ಆರಾಮಾಗಿ ಬಂತು. ಜೆಟ್ಟಿಂಗ್ ಪೈಪು ಹತ್ತಡಿ ಹೋಗಿ ನಿಂತಿತು. ಒತ್ತಡ ಹೆಚ್ಚಿಸಿ ಹಿಂದಕ್ಕೂ ಮುಂದಕ್ಕೂ ಆಡಿಸಿದಾಗ ಬಿಳಿ ಗಟ್ಟಿಗಳು ತೇಲಿಬಂದವು: ಅಡುಗೆ ಎಣ್ಣೆಯ ಜಿಡ್ಡು ತಣ್ಣಗಾಗಿ, ಕೂದಲು, ಅನ್ನದ ಅಗುಳು ಸೇರಿ ಸೋಪಿನಂತೆ ಗಟ್ಟಿಯಾದದ್ದು. ಕೊಳವೆಯ ಅರ್ಧ ಅಡ್ಡಳತೆ ಅದೇ ತಿಂದಿತ್ತು. ಮೇಲಿನ ಗುಂಡಿಯ ತಳಮಟ್ಟ ಅವತ್ತು ರಾತ್ರಿಯೇ ಹಳೆಯ ಜಾಗಕ್ಕೆ ಇಳಿಯಿತು. ಸೆನ್ಸರ್ ಇಲ್ಲದಿದ್ದರೆ ಇದು ಯಾವುದೋ ಭಾನುವಾರ ಬೆಳಿಗ್ಗೆ ತಗ್ಗಿನ ಮನೆಯವರ ಬಚ್ಚಲಿನಲ್ಲಿ ಗೊತ್ತಾಗುತ್ತಿತ್ತು. ಉಕ್ಕುವ ಗಳಿಗೆಯನ್ನು ಹಿಡಿಯುವ ಯಂತ್ರ ಅಂತ ಇದನ್ನು ಮಾರುವವರನ್ನು ಕಂಡಿದ್ದೇನೆ. ಆ ಗಳಿಗೆಯನ್ನು ಮೂಗೂ ಹಿಡಿಯುತ್ತದೆ.

ದರ್ಶಿನಿಯ ಮಾಲೀಕರು ಕುಂದಾಪುರದ ಕಡೆಯವರು. ಹೋಗಿ ಗ್ರಾಫು ತೋರಿಸಿದೆ. "ಎಂತ ಮಾಡುದು ಮಾರಾಯ್ರೆ, ಪಾತ್ರೆ ತೊಳೆದ ನೀರು ಎಲ್ಲಿಗೆ ಬಿಡುದು?" ಅಂದರು. ಜಿಡ್ಡು ತಡೆಯುವ ಗುಂಡಿ ಇದೆಯಾ ಅಂದರೆ ಇದೆ, ಅಡುಗೆಮನೆ ಹಿಂದೆ. ತೆರೆದು ನೋಡಿದರೆ ಅದು ಜಿಡ್ಡಿನಿಂದಲೇ ತುಂಬಿ ಎಷ್ಟು ಕಾಲವಾಗಿತ್ತೋ. ತೆಗೆಯುವವರು ಯಾರು, ತೆಗೆದದ್ದನ್ನು ಎಲ್ಲಿ ಹಾಕುವುದು ಎಂಬುದು ಅವರ ನ್ಯಾಯವಾದ ಪ್ರಶ್ನೆ. ಕೊನೆಗೆ ವಾರಕ್ಕೊಮ್ಮೆ ಕೆನೆ ತೆಗೆಸಿ ಡ್ರಮ್ಮಿಗೆ ತುಂಬಿಸುತ್ತೇನೆ ಅಂತ ಒಪ್ಪಿ, ಕಾಫಿ ಕುಡಿಸಿ ಕಳಿಸಿದರು.

ಮಳೆಗಾಲದ ಕಥೆ ಬೇರೆ. ಬೆಂಗಳೂರಿನ ಒಳಚರಂಡಿಗೂ ಮಳೆನೀರಿನ ಚರಂಡಿಗೂ ಸಂಬಂಧವೇ ಇರಬಾರದು, ಎರಡೂ ಬೇರೆ ಬೇರೆ ಜಾಲ. ಹಾಗಿದ್ದಮೇಲೆ ಮಳೆ ಬಂದರೆ ಯುಜಿಡಿ ಮಟ್ಟ ಏಕೆ ಏರಬೇಕು? ಮೊದಲ ದೊಡ್ಡ ಮಳೆಯಲ್ಲಿ, ಹನಿ ಶುರುವಾಗಿ ಇಪ್ಪತ್ತು ನಿಮಿಷದೊಳಗೆ ತಗ್ಗಿನ ಗುಂಡಿಗಳ ಗೆರೆ ನೆಟ್ಟಗೆ ಎದ್ದು ನಿಂತಿತು. ನೆಲದಲ್ಲಿ ಇಂಗಿ ಬಂದ ನೀರಾಗಿದ್ದರೆ ಗಂಟೆಗಟ್ಟಲೆ ತಗೊಳ್ಳುತ್ತಿತ್ತು. ಇದು ಮನೆಗಳ ತಾರಸಿಯಿಂದ ಪೈಪಿನಲ್ಲಿ ನೇರ ಇಳಿದದ್ದು.

ಲೆಕ್ಕ ಹಾಕಿ ನೋಡಿ. 30x40 ಸೈಟಿನ ತಾರಸಿ ಹೆಚ್ಚುಕಡಿಮೆ 111 ಚದರ ಮೀಟರ್. ಗಂಟೆಗೆ 50 ಮಿಲಿಮೀಟರ್ ಮಳೆಯಾದರೆ ಒಂದು ತಾರಸಿಯಿಂದ ಸುಮಾರು 5,500 ಲೀಟರ್. ನಾಲ್ಕು ಜನರ ಮನೆಯ ಒಂದು ದಿನದ ಕೊಳಚೆ, ಕೈಪಿಡಿಯ ಪ್ರಕಾರ, 432 ಲೀಟರ್. ಅಂದರೆ ಹನ್ನೆರಡು ದಿನಕ್ಕೂ ಮೀರಿದ ಕೊಳಚೆಯಷ್ಟು ನೀರನ್ನು ಒಂದು ಮನೆ ಒಂದೇ ಗಂಟೆಯಲ್ಲಿ ಕೊಳವೆಗೆ ತಳ್ಳುತ್ತದೆ. ನಮ್ಮ ಕ್ರಾಸಿನದು 200 ಮಿಲಿಮೀಟರ್ ಕೊಳವೆ; 150ಕ್ಕೆ 1ರ ಇಳಿಜಾರು ಅಂತ ಹಿಡಿದರೆ ಪೂರ್ತಿ ತುಂಬಿ ಹರಿದಾಗ ಸೆಕೆಂಡಿಗೆ 27 ಲೀಟರಿನಷ್ಟು ಸಾಗಿಸುತ್ತದೆ. ಇಪ್ಪತ್ತು ತಾರಸಿಗಳು ಸೇರಿದರೆ 31 ಲೀಟರ್. ಮುಗಿಯಿತು.

ಯಾವ ಮನೆಗಳು ಅಂತ ಕಂಡುಹಿಡಿಯುವುದು ಸೂಕ್ಷ್ಮದ ಕೆಲಸ, ನೆರೆಹೊರೆಯ ವಿಷಯ. ಗೆರೆಗಳನ್ನು ನೋಡಿ ಯಾವ ಎರಡು ಗುಂಡಿಗಳ ನಡುವೆ ಏರು ಹೆಚ್ಚು ಅಂತ ಗುರುತಿಸಿದೆವು. ಆ ಸಾಲಿನ ಮನೆಗಳವರನ್ನು ಕೇಳಿಕೊಂಡು ತಾರಸಿಯ ಪೈಪಿಗೆ ಬಣ್ಣದ ನೀರು ಹುಯ್ದೆವು. ಹಸಿರು ನೀರು ಮ್ಯಾನ್‌ಹೋಲಿನಲ್ಲಿ ಕಂಡರೆ ತಪ್ಪು ಜೋಡಣೆ, ರಸ್ತೆ ಬದಿಯ ಚರಂಡಿಯಲ್ಲಿ ಕಂಡರೆ ಸರಿ. ಹಲವರಿಗೆ ತಮ್ಮ ಮನೆಯಲ್ಲಿ ಹೀಗಿದೆ ಎಂಬುದೇ ಗೊತ್ತಿರಲಿಲ್ಲ, ಮನೆ ಕಟ್ಟಿದ ಪ್ಲಂಬರ್ ಹತ್ತಿರದ ಪೈಪಿಗೆ ಸೇರಿಸಿ ಹೋಗಿದ್ದ. ಸರಿಪಡಿಸಿದವರಲ್ಲಿ ಕೆಲವರು ನೀರನ್ನು ಚರಂಡಿಗೂ ಬಿಡದೆ ಸಂಪಿಗೆ ತಿರುಗಿಸಿದರು. ಮಳೆನೀರು ಕೊಯ್ಲು 30x40ರ ಹೊಸ ಮನೆಗಳಿಗೂ 60x40ರ ಹಳೆಯವಕ್ಕೂ ಹೇಗೂ ಕಡ್ಡಾಯ. ಇನ್ನು ಕೆಲವರು "ಮುಂದಿನ ವರ್ಷ ಪೇಂಟ್ ಮಾಡಿಸುವಾಗ ನೋಡೋಣ" ಅಂದಿದ್ದಾರೆ. ಅವರ ಮನೆ ಮುಂದಿನ ಗೆರೆ ಇನ್ನೂ ಹಾಗೇ ಇದೆ.

ಮುಚ್ಚಳ ಎತ್ತುವವರ ವಿಷಯಕ್ಕೆ ಬರುತ್ತೇನೆ ಅಂದಿದ್ದೆ. ಒಂದು ಸಂಜೆಯ ಮಳೆಯಲ್ಲಿ ಮೇಲಿನ ಕ್ರಾಸಿನ ಗುಂಡಿಯ ಓದು ಇದ್ದಕ್ಕಿದ್ದಂತೆ ನೆಗೆದು, ಆಮೇಲೆ ಸದ್ದೇ ಇಲ್ಲ. ಕೊಡೆ ಹಿಡಿದು ಓಡಿದರೆ ಎದುರು ಮನೆಯ ಅಂಕಲ್, ಪಂಚೆ ಎತ್ತಿ ಕಟ್ಟಿ, ಹಾರೆ ಹಿಡಿದು ನಿಂತಿದ್ದಾರೆ. ಮುಚ್ಚಳ ಪಕ್ಕಕ್ಕೆ. ರಸ್ತೆಯ ನೀರೆಲ್ಲ, ಎಲೆ, ಪ್ಲಾಸ್ಟಿಕ್, ತೆಂಗಿನ ಸೋಗೆ ಸಮೇತ ಸುತ್ತುತ್ತ ಒಳಗೆ.

"ಅಂಕಲ್, ಇದು ಕೆಳಗಿನ ಕ್ರಾಸಿನವರ ಬಚ್ಚಲಿಗೆ ಹೋಗುತ್ತೆ."

"ಇಲ್ಲದಿದ್ರೆ ನಮ್ಮ ಹಾಲಿಗೆ ಬರುತ್ತೆ ಕಣಮ್ಮ. ನೀನೇ ಹೇಳು, ಏನ್ ಮಾಡ್ಲಿ?"

ಉತ್ತರ ನನ್ನ ಬಳಿ ಇರಲಿಲ್ಲ. ರಸ್ತೆ ಬದಿಯ ಚರಂಡಿಯ ಬಾಯಿ ಹೂಳು ತುಂಬಿ ಮುಚ್ಚಿತ್ತು, ಅದು ಬೇರೆ ಇಲಾಖೆಯದು, ಅದಕ್ಕೆ ಬೇರೆ ಅರ್ಜಿ. ಮಾರನೆಯ ದಿನ ಅಂಕಲ್ಲೂ ನಾನೂ ಸೇರಿ ಆ ಅರ್ಜಿ ಬರೆದೆವು. ಹೂಳು ಎತ್ತಿದ ಮೇಲೆ ಅವರು ಹಾರೆ ಹಿಡಿದದ್ದು ನಾನಂತೂ ನೋಡಿಲ್ಲ. ತುಂಡಾಗಿದ್ದ ಫ್ಲೋಟ್ ತಂತಿಗೆ ತಾವೇ ದುಡ್ಡು ಕೊಟ್ಟರು.

ಈ ನಡುವೆ ಅಮೆರಿಕದಲ್ಲಿರುವ ತಮ್ಮ ಒಂದು ಊರಿನ ಹೆಸರು ಹೇಳಿದ, ಇಂಡಿಯಾನಾ ರಾಜ್ಯದ ಸೌತ್ ಬೆಂಡ್. ಸುಮಾರು ಒಂದು ಲಕ್ಷ ಜನರ ಊರು. ಅಲ್ಲಿ ಮಳೆನೀರು, ಕೊಳಚೆ ಎರಡಕ್ಕೂ ಹಳೆಯ ಕಾಲದಿಂದ ಒಂದೇ ಕೊಳವೆ. ಜೋರು ಮಳೆಗೆ ಅದು ಸೇಂಟ್ ಜೋಸೆಫ್ ನದಿಗೆ ಉಕ್ಕುತ್ತಿತ್ತು. 2008ರ ಸುಮಾರಿಗೆ ನೋಟರ್ ಡೇಮ್ ವಿಶ್ವವಿದ್ಯಾಲಯದವರ ಜತೆಗೂಡಿ ನೂರಕ್ಕೂ ಹೆಚ್ಚು ಸೆನ್ಸರ್ ಹಾಕಿ, ಮುಂದೆ ಕೊಳವೆಗಳಲ್ಲಿ ತಾವಾಗಿ ತೆರೆದು ಮುಚ್ಚುವ ಗೇಟುಗಳನ್ನೂ ಕೂರಿಸಿದರು. ಒಂದು ಕಡೆಯ ಕೊಳವೆ ತುಂಬಿದ್ದು ಇನ್ನೊಂದು ಕಡೆಯದು ಖಾಲಿಯಿದ್ದರೆ ನೀರನ್ನು ಅತ್ತ ತಿರುಗಿಸಿ ಮಳೆ ನಿಲ್ಲುವವರೆಗೆ ಅಲ್ಲೇ ಹಿಡಿದಿಡುತ್ತಾರೆ. ನದಿಗೆ ಬೀಳುವ ಕೊಳಚೆ ಬಹಳಷ್ಟು ಇಳಿಯಿತು, ಹೊಸ ಸುರಂಗ, ಟ್ಯಾಂಕುಗಳಿಗೆ ಹಾಕಬೇಕಿದ್ದ ಕೋಟಿಗಟ್ಟಲೆ ಡಾಲರೂ ಉಳಿಯಿತು.

"ನೀವೂ ಗೇಟ್ ಹಾಕಿ ಅಕ್ಕ" ಅಂದ ತಮ್ಮ. ನಮಗೆ ಅದು ಒಗ್ಗುವುದಿಲ್ಲ. ಅವರ ಕೊಳವೆಗಳು ಮಳೆಯನ್ನೂ ಹೊರಲೆಂದೇ ಮಾಡಿದ ದೊಡ್ಡ ಕೊಳವೆಗಳು, ಒಣ ದಿನದಲ್ಲಿ ಬಹುಪಾಲು ಖಾಲಿ, ಹಿಡಿದಿಡಲು ಜಾಗವಿದೆ. ನಮ್ಮವು ಕೊಳಚೆಗಷ್ಟೇ ಅಳತೆ ಮಾಡಿದ ಸಣ್ಣ ಕೊಳವೆಗಳು. ಹಿಡಿದಿಡಲು ಹೋದರೆ ಹೂಳು ಕೂರುತ್ತದೆ. ಕೊಳಚೆ ಸೆಕೆಂಡಿಗೆ 0.6 ಮೀಟರ್ ವೇಗದಲ್ಲಾದರೂ ಹರಿದರೆ ಮಾತ್ರ ಕೊಳವೆ ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ. ಅವರಿಗೆ ಸೆನ್ಸರ್ ಹೇಳಿದ್ದನ್ನು ಗೇಟು ಕೇಳಬೇಕು. ನಮಗೆ ಮೇಸ್ತ್ರಿ, ಗಾಡಿಯ ಡ್ರೈವರು, ದರ್ಶಿನಿಯವರು, ತಾರಸಿಯ ಮಾಲೀಕರು ಕೇಳಬೇಕು.

ಈಗ ಆರರಲ್ಲಿ ಐದು ಸೆನ್ಸರ್ ಕೆಲಸ ಮಾಡುತ್ತಿವೆ, ಆರನೆಯದನ್ನು ರಸ್ತೆಗೆ ಡಾಂಬರು ಹಾಕುವಾಗ ಮುಚ್ಚಳ ಸಮೇತ ಮುಚ್ಚಿಬಿಟ್ಟಿದ್ದಾರೆ. ಮೇಸ್ತ್ರಿ ಮತ್ತೆ ಹಾರೆ ಬಡಿದು ಹುಡುಕಿಕೊಡಬೇಕು. ತಗ್ಗಿನ ಕ್ರಾಸಿನಲ್ಲಿ ಕಳೆದ ಮಳೆಗಾಲ ಒಂದು ಸಲ ಉಕ್ಕಿತು, ಅದು ತಾರಸಿ ನೀರಿನದೇ ಕೈವಾಡ. ಜಿಡ್ಡು, ಹೂಳಿನಿಂದ ಒಣ ದಿನದಲ್ಲಿ ಉಕ್ಕಿದ್ದು ಆಮೇಲೆ ಆಗಿಲ್ಲ. ಗಾಡಿ ಬರುವುದೆಲ್ಲ ಹಗಲು ಹೊತ್ತಿನಲ್ಲೇ. ಕೆಳಗಿನ ಬಡಾವಣೆಯವರು ಬಂದು ಎಷ್ಟು ಸೆನ್ಸರ್ ಬೇಕಾಗಬಹುದು, ಎಷ್ಟು ಖರ್ಚು ಅಂತ ಕೇಳಿದರು. ಮೊದಲು ಬಕೆಟ್ ನೀರು ಹುಯ್ದು ನಕ್ಷೆ ಮಾಡಿಕೊಳ್ಳಿ, ಜೆಟ್ಟಿಂಗ್ ಗಾಡಿಯ ಡ್ರೈವರಿನ ನಂಬರ್ ತಗೊಳ್ಳಿ, ಆಮೇಲೆ ಬನ್ನಿ ಅಂದಿದ್ದೇನೆ. ದರ್ಶಿನಿ ಕೈ ಬದಲಾಗಿದೆ. ಮೇಲಿನ ಗುಂಡಿಯ ನಸುಕಿನ ತಳಮಟ್ಟ ಈ ವಾರ ಮತ್ತೆ ಸ್ವಲ್ಪ ಏರಿದೆ, ನಾಳೆ ಹೊಸ ಮಾಲೀಕರನ್ನು ನೋಡಬೇಕು.